ಮಾವನ ಮನೆಯ ಹೊದಿಕೆ

ಹರಾಜು ಮನೆಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದ ಆಕೆಗೆ ಹಳೆ ಸಾಮಾನಿನ ವ್ಯಾಪಾರಿಗಳು ಇಟ್ಟಿದ್ದ ಹೆಸರು ಅಲ್ಲಮ್ಮ. ಅದರಲ್ಲಿ ಅಧ್ಯಾತ್ಮವೇನೂ ಇರಲಿಲ್ಲ. ಯಾರು ಏನು ತಂದು ಮುಂದಿಟ್ಟರೂ ಆಕೆಯ ಬಾಯಿಂದ ಮೊದಲು ಉದುರುತ್ತಿದ್ದ ಮಾತು ‘ಅಲ್ಲ’.

"ಮೇಡಂ, ಇದು ಮುನ್ನೂರು ವರ್ಷದ ಹಿಂದಿನದು."

"ಅಲ್ಲ."

"ರಾಣಿಯವರು ಹೊದ್ದ ಶಾಲು, ನಮ್ಮ ಮುತ್ತಾತನಿಗೆ ಖುದ್ದಾಗಿ ಕೊಟ್ಟಿದ್ದು."

"ಅಲ್ಲ."

"ಕೊನೇಪಕ್ಷ ಕೈಯಲ್ಲಿ ನೇಯ್ದದ್ದಾದರೂ ಹೌದು ತಾನೇ?"

ಆಗ ಅಲ್ಲಮ್ಮ ಕನ್ನಡಕವನ್ನು ಹಣೆಗೇರಿಸಿ, ತಂದವನ ಮುಖವನ್ನು ಸವೆದ ಅಂಚು ನೋಡುವ ಹಾಗೆ ನೋಡುತ್ತಿದ್ದಳು. ಅಷ್ಟಕ್ಕೇ ಅವನು ಗಂಟುಮೂಟೆ ಕಟ್ಟುತ್ತಿದ್ದ.

ಆಕೆಯ ಕೆಲಸ ಹಳೆಯ ಬಟ್ಟೆ, ಹಳೆಯ ಚಿತ್ರ ಎಲ್ಲಿ ಹುಟ್ಟಿದವು, ಯಾವ ಕಾಲದವು, ಯಾವ ಕೈ ದಾಟಿ ಬಂದವು ಎಂದು ಗುರುತು ಹಿಡಿಯುವುದು. ಮೇಜಿನ ಮೇಲೆ ಬಿಳಿ ಬಟ್ಟೆ, ಬಾಗಿಸಬಹುದಾದ ದೀಪ, ಭೂತಗನ್ನಡಿ, ಚಿಮಟ. ಕೋಣೆಗೆಲ್ಲ ನುಸಿಗುಳಿಗೆಯ ವಾಸನೆ. ಯಾವ ವಸ್ತುವನ್ನೂ ಆಕೆ ಮೊದಲು ಎದುರಿನಿಂದ ನೋಡುತ್ತಿರಲಿಲ್ಲ. "ಎದುರುಗಡೆ ನೋಡೋಕೆ ಗಿರಾಕಿಗಳಿದ್ದಾರೆ. ನನಗೆ ಸಂಬಳ ಕೊಡೋದು ಬೆನ್ನು ನೋಡೋಕೆ" ಎನ್ನುತ್ತಿದ್ದಳು. ಕಸೂತಿ ಬಟ್ಟೆಯಾದರೆ ಮಗುಚಿ ಗಂಟುಗಳನ್ನು ನೋಡುವಳು. ಚಿತ್ರವಾದರೆ ಚೌಕಟ್ಟಿನ ಹಿಂಬದಿಯ ಮೊಳೆ, ಹಲಗೆ, ಧೂಳು. ಧೂಳನ್ನು ಬೆರಳಿನಿಂದ ಒರೆಸಿ ಮೂಸಿ, "ಇದು ಹೋದ ವಾರ ಬಳಿದದ್ದು" ಎಂದುಬಿಡುವಳು.

ನಿವೃತ್ತ ಅಧಿಕಾರಿಯೊಬ್ಬರು ಒಮ್ಮೆ ದೊಡ್ಡ ಚಿತ್ರಪಟ ಹೊರಿಸಿಕೊಂಡು ಬಂದಿದ್ದರು. ಚೌಕಟ್ಟಿನ ತುಂಬ ಹುಳ ಕೊರೆದ ತೂತು. ಹುಳವೇ ಸಾಕ್ಷಿ ಎನ್ನುವ ಧೋರಣೆ ಅವರದು. ಅಲ್ಲಮ್ಮ ತೆಳ್ಳನೆಯ ತಂತಿಯೊಂದನ್ನು ಒಂದು ತೂತಿಗೆ ತೂರಿಸಿದಳು, ನೆಟ್ಟಗೆ ಹೋಯಿತು. ಇನ್ನೊಂದಕ್ಕೆ ತೂರಿಸಿದಳು, ಅದೂ ನೆಟ್ಟಗೆ ಹೋಯಿತು.

"ಸರ್, ಹುಳ ಮರ ತಿನ್ನುತ್ತಾ ಅಂಕುಡೊಂಕಾಗಿ ಹೋಗುತ್ತೆ. ಹೀಗೆ ಕವಾಯತು ಮಾಡೋ ಹುಳ ನಿಮ್ಮ ಇಲಾಖೆಯಲ್ಲಿ ಇತ್ತೇನೋ. ಇದು ಡ್ರಿಲ್."

ಅಧಿಕಾರಿಗಳು ಮುಖ ಕೆಂಪಗೆ ಮಾಡಿಕೊಂಡು ಹೊರಟರು. ಮರುದಿನ ಒಬ್ಬ ಹೆಂಗಸು ಮುತ್ತಜ್ಜಿಯ ಕಾಲದ್ದೆಂದು ಕಂದುಬಣ್ಣದ ಮೇಜುಬಟ್ಟೆ ತಂದಳು. ಅಲ್ಲಮ್ಮ ಒದ್ದೆ ಹತ್ತಿಯನ್ನು ಅದರ ಮೂಲೆಗೆ ಒತ್ತಿ ತೆಗೆದಳು. ಹಳತು ಕಾಣಲೆಂದು ಬಳಿದಿದ್ದ ಟೀ ಹತ್ತಿಗೆ ಇಳಿಯಿತು. "ನಿಮ್ಮ ಮುತ್ತಜ್ಜಿ ಟೀಗೆ ಸಕ್ಕರೆ ಜಾಸ್ತಿ ಹಾಕ್ತಿದ್ರು ಅನ್ಸುತ್ತೆ. ಅಂಟ್ತಾ ಇದೆ."

ಅಲ್ಲಮ್ಮನಿಗೂ ಒಬ್ಬ ಗಂಡನಿದ್ದ. ಮದುವೆಯಾದ ಹೊಸತರಲ್ಲಿ ಅವನು ತಾನು ದೊಡ್ಡ ಓದುಗ, ಮನೆಯ ಗೋಡೆಯ ಪುಸ್ತಕಗಳೆಲ್ಲ ತನ್ನ ಜೀವ ಎಂದು ಹೇಳಿಕೊಂಡಿದ್ದ. ಒಂದು ಭಾನುವಾರ ಧೂಳು ಹೊಡೆಯುವಾಗ ಅವುಗಳಲ್ಲಿ ಅರ್ಧಕ್ಕರ್ಧದ ಹಾಳೆಗಳು ಇನ್ನೂ ಕತ್ತರಿಸದೆ ಅಂಟಿಕೊಂಡೇ ಇದ್ದುದು ಆಕೆಗೆ ಕಂಡಿತು. ಆಮೇಲೆ ಸಂಸಾರ ಬಹಳ ಕಾಲ ನಡೆಯಲಿಲ್ಲ. ಅವನು ಮತ್ತೊಂದು ಊರಿಗೆ ಹೋದ, ಪುಸ್ತಕಗಳನ್ನು ಬಿಟ್ಟುಹೋದ. ಆಕೆ ಹಾಳೆ ಕತ್ತರಿಸಿ ಎಲ್ಲವನ್ನೂ ಓದಿದಳು.

ಅಲ್ಲಮ್ಮ ಆಕಾಶದಿಂದ ಇಳಿದವಳಲ್ಲ. ಅಪ್ಪ ದರ್ಜಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸದವನು. ಅಂಗಡಿಯ ಮೇಜಿನ ಕೆಳಗೆ ಬಿದ್ದ ಚೂರುಗಳ ನಡುವೆ ಆಡುತ್ತ ಬೆಳೆದ ಮಗಳು, ಕಣ್ಣು ಮುಚ್ಚಿ ಬೆರಳಲ್ಲೇ ನೂಲಿನ ಜಾತಿ ಹೇಳಬಲ್ಲವಳಾಗಿದ್ದಳು. ವಿದ್ಯಾರ್ಥಿವೇತನ ಸಿಕ್ಕಿತು, ಓದಿದಳು, ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಬಟ್ಟೆಗಳ ವಿಭಾಗ ನೋಡಿಕೊಂಡಳು, ಅಲ್ಲಿನ ನಿರ್ದೇಶಕನ ಮುಖಕ್ಕೇ ಅವನ ಮೆಚ್ಚಿನ ಪರದೆ ನಕಲಿ ಎಂದು ಹೇಳಿ ಹರಾಜು ಮನೆಗೆ ಬಂದು ಸೇರಿದಳು. ಜನರ ಬಗ್ಗೆ ಆಕೆಗೆ ಇದ್ದದ್ದು ಒಂದೇ ಅಭಿಪ್ರಾಯ: ಎಲ್ಲರಿಗೂ ಒಂದು ಅರಮನೆ ಬೇಕು. ಯಾರೊಬ್ಬರೂ ನಮ್ಮಜ್ಜಿ ಪಾತ್ರೆ ತೊಳೆಯುತ್ತಿದ್ದರು, ಇದು ಅವರು ಪಾತ್ರೆ ಒರೆಸುತ್ತಿದ್ದ ಬಟ್ಟೆ ಎಂದು ತಂದದ್ದಿಲ್ಲ. ದೇಶದಲ್ಲಿ ಪಾತ್ರೆ ತೊಳೆದವರೇ ಇರಲಿಲ್ಲವೇನೋ, ಬರೀ ರಾಣಿಯರೇ ಇದ್ದರೇನೋ!

ಇಷ್ಟು ಬೆನ್ನು ನೋಡಿದ ಹೆಂಗಸು ಒಂದೇ ಒಂದು ವಸ್ತುವಿನ ಬೆನ್ನನ್ನು ನೋಡಿರಲಿಲ್ಲ. ಅದು ಆಕೆಯ ಅಪ್ಪನ ಮನೆಯ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿದ್ದ ಕಸೂತಿ ಹೊದಿಕೆ. ಕೆಂಪು ನೆಲದ ಮೇಲೆ ಥರಾವರಿ ಹಕ್ಕಿಗಳು. ಅಜ್ಜಿ, ಅಂದರೆ ಅಪ್ಪನ ತಾಯಿ, ಬದುಕಿದ್ದಾಗ ಮೊಮ್ಮಕ್ಕಳು ಕೇಳುತ್ತಿದ್ದರು.

"ಅಜ್ಜಿ, ಅದು ಎಲ್ಲಿಂದ ಬಂತು?"

"ಮಾವನ ಮನೆಯಿಂದ" ಎನ್ನುತ್ತಿದ್ದಳು ಅಜ್ಜಿ, ಬಾಯಲ್ಲಿ ನೂಲು ಕಡಿಯುತ್ತ. ಅದಕ್ಕಿಂತ ಹೆಚ್ಚು ಒಂದು ಮಾತೂ ಇಲ್ಲ.

ಆ ಒಂದು ಮಾತಿನ ಮೇಲೆ ಅಪ್ಪ ಒಂದು ಮನೆತನವನ್ನೇ ಕಟ್ಟಿದ್ದ. ಅಜ್ಜಿಯ ಮಾವನದು ಭಾರೀ ಮನೆಯಂತೆ, ಹೊದಿಕೆ ಸೊಸೆಗೆ ಕೊಟ್ಟ ಉಡುಗೊರೆಯಂತೆ. ಹಾಗಾದರೆ ಅಜ್ಜ ಯಾಕೆ ಸಾಮಾನು ಗಾಡಿ ಹೊಡೆಯುತ್ತಿದ್ದ ಎಂದು ಕೇಳಿದರೆ, ಅದು ದಾಯಾದಿಗಳ ಕುತಂತ್ರ. ಅಪ್ಪ ತೀರಿಕೊಂಡ ಮೇಲೆ ಹೊದಿಕೆ ತಮ್ಮನ ಪಾಲಿಗೆ ಹೋಯಿತು. ಅಪ್ಪನ ಕಥೆಯಲ್ಲಿ ಬರೀ ಕುದುರೆಗಳಿದ್ದ ಆ ಮಾವನ ಮನೆಗೆ ತಮ್ಮನ ಕಥೆಯಲ್ಲಿ ಆನೆಯೂ ಬಂತು. ತಮ್ಮ ದೊಡ್ಡ ಹೋಟೆಲು ಕಟ್ಟಿಸುತ್ತಿದ್ದ. ಆನೆ ಇಲ್ಲದೆ ಅವನಿಗೆ ನಡೆಯುವಂತಿರಲಿಲ್ಲ.

ಒಂದು ಬೆಳಗ್ಗೆ ಅವನು ಚೌಕಟ್ಟಿನ ಸಮೇತ ಹೊದಿಕೆಯನ್ನು ಹೊತ್ತುಕೊಂಡು ಹರಾಜು ಮನೆಗೇ ಬಂದ. ಜೊತೆಗೆ ಹೆಂಡತಿ.

"ಅಕ್ಕ, ಹೋಟೆಲಿನ ಮುಂಬಾಗಿಲ ಹಜಾರದಲ್ಲಿ ಇದನ್ನ ಹಾಕಿಸ್ತಿದ್ದೀನಿ. ಕೆಳಗೊಂದು ಹಿತ್ತಾಳೆ ಫಲಕ. ನೀನು ನಾಲ್ಕು ಸಾಲು ಬರೆದುಕೊಟ್ಟರೆ ಅದರ ತೂಕವೇ ಬೇರೆ."

"ರಾಜಮನೆತನದ ಅನ್ನೋ ಪದ ಇರಲಿ ಅತ್ತಿಗೆ" ಎಂದಳು ಹೆಂಡತಿ. "ಬಂದವರ ಕಣ್ಣಿಗೆ ಬೀಳಬೇಕು."

"ಮೊದಲು ಬಿಚ್ಚೋಣ" ಎಂದಳು ಅಲ್ಲಮ್ಮ.

ಹಿಂಬದಿಯ ಹಲಗೆ ಬಿಚ್ಚಿ ಹೊದಿಕೆಯನ್ನು ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿದಾಗ ಆಕೆ ಕನ್ನಡಕವನ್ನು ಎರಡೆರಡು ಸಲ ಒರೆಸಿಕೊಂಡಳು. ಚಿಕ್ಕಂದಿನಿಂದ ನೋಡಿದ್ದು. ನಿಜವಾಗಲಿ ಎನ್ನುವ ಆಸೆ ಮನಸ್ಸಿನ ಯಾವುದೋ ಮೂಲೆಯಲ್ಲಿ ಆಕೆಗೂ ಇತ್ತು. ಭೂತಗನ್ನಡಿ ಹಿಡಿದು ಬಾಗಿದಳು. ಸ್ವಲ್ಪ ಹೊತ್ತಿಗೆ ಆಕೆಯ ಭುಜಗಳು ಕುಲುಕತೊಡಗಿದವು. ತಮ್ಮ ಗಾಬರಿಯಾದ.

"ಅಕ್ಕ, ಅಳ್ತಿದ್ದೀಯಾ?"

ಆಕೆ ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು.

"ಇಲ್ಲಿ ನೋಡೋ. ಕಸೂತಿಯ ನೂಲು ರೇಷ್ಮೆ ಅಂತ ಅಪ್ಪ ಹೇಳ್ತಿದ್ರಲ್ಲ, ರೇಷ್ಮೆ ಒಂದೆಳೆ ಇಲ್ಲ. ಇದು ಟವೆಲಿನ ಅಂಚಿನಿಂದ ಬಿಚ್ಚಿದ್ದು. ಇದು ಗೋಣಿಚೀಲದ್ದು. ಈ ಮಂಕು ನೀಲಿ ಇದೆಯಲ್ಲ, ಯಾವುದೋ ಸಮವಸ್ತ್ರದ್ದು. ಈ ಕೆಂಪು ಯಾವುದೋ ಬೇರಿನಿಂದ ತೆಗೆದ ಬಣ್ಣ, ಅಡುಗೆ ಒಲೆಯ ಮೇಲೆ ಕಾಯಿಸಿದ್ದು, ಅಲ್ಲಲ್ಲಿ ಹತ್ತಿಕೊಂಡೇ ಇಲ್ಲ. ಈಗ ಒಳಬಟ್ಟೆ ನೋಡು."

ಒಳಬಟ್ಟೆ ದಪ್ಪನೆಯ ಒರಟು ಬಟ್ಟೆ. ಅದರ ಹಾಸಿನಲ್ಲಿ ಗೇಣಿಗೊಂದರಂತೆ ಒಂದು ಹಳದಿ ಎಳೆ ಓಡಿತ್ತು.

"ಏನದು? ಚಿನ್ನದ ಜರಿಯಾ?" ತಮ್ಮನ ದನಿಯಲ್ಲಿ ಇನ್ನೂ ಆಸೆ ಸತ್ತಿರಲಿಲ್ಲ.

"ಕಳ್ಳರಿಗಾಗಿ ಹಾಕಿದ ಎಳೆ. ಸರ್ಕಾರಿ ಉಗ್ರಾಣದ ಬಟ್ಟೆಗೆ ಹೀಗೆ ಒಂದು ಬಣ್ಣದ ಎಳೆ ಸೇರಿಸಿ ನೇಯ್ತಿದ್ರು. ಯಾರಾದರೂ ಕದ್ದು ಹೊಲಿಸಿಕೊಂಡರೆ ಬೀದಿಯಲ್ಲೇ ಸಿಕ್ಕಿಬೀಳಲಿ ಅಂತ. ಆಸ್ಪತ್ರೆಗೆ ಕೆಂಪು ಎಳೆ. ಹಳದಿ ಎಳೆ ಯಾವುದಕ್ಕೆ ಗೊತ್ತಾ? ಜೈಲಿಗೆ. ನಾನು ಸಂಗ್ರಹಾಲಯದಲ್ಲಿದ್ದಾಗ ಇಂಥದೇ ಬಟ್ಟೆಯ ಕೈದಿ ಅಂಗಿ ಇತ್ತು, ನಾನೇ ಒಗೆದು ಇಟ್ಟಿದ್ದೆ." ಆಕೆ ಕುರ್ಚಿಗೆ ಒರಗಿ ಕಣ್ಣೊರೆಸಿಕೊಂಡಳು. "ಮಾವನ ಮನೆ! ಅಯ್ಯೋ, ಅಜ್ಜಿ ಸುಳ್ಳೇ ಹೇಳಿಲ್ವಲ್ಲೋ. ಜೈಲಿಗೆ ಜನ ಮಾವನ ಮನೆ ಅಂತಲೇ ಅಲ್ವೇನೋ ಅನ್ನೋದು!"

ತಮ್ಮನ ಹೆಂಡತಿ ಕೈಚೀಲವನ್ನು ಎದೆಗವಚಿಕೊಂಡಳು, ಹೊದಿಕೆಯೊಳಗಿಂದ ಯಾರೋ ಕೈ ಹಾಕಿಬಿಡುತ್ತಾರೇನೋ ಎನ್ನುವ ಹಾಗೆ.

"ಹಾಗಂದ್ರೆ?" ಎಂದ ತಮ್ಮ.

"ಹಾಗಂದ್ರೆ ನಮ್ಮ ಮನೆತನದ ಮೂಲಪುರುಷ ಯಾರೋ ಜೈಲಿನ ಉಗ್ರಾಣಕ್ಕೆ ಕನ್ನ ಹಾಕಿದ್ದಾನೆ. ಆ ಫಲಕದಲ್ಲಿ ಬರೆಸು. ನಾಲ್ಕು ಸಾಲು ಬೇಡ, ಒಂದೇ ಸಾಕು."

ತಮ್ಮ ಹೊದಿಕೆಯನ್ನು ಮಡಚಿ, ಹೆಂಡತಿಯನ್ನು ಕರೆದುಕೊಂಡು, ಬಾಗಿಲು ಧಡಾರನೆ ಹಾಕಿ ಹೋದ. ಅಲ್ಲಮ್ಮನಿಗೆ ಆ ದಿನವಿಡೀ ಕೆಲಸದಲ್ಲಿ ಎಂದಿಲ್ಲದ ಉತ್ಸಾಹ.

ತಮ್ಮನೇನೂ ಕೈಕಟ್ಟಿ ಕೂರಲಿಲ್ಲ. ಊರಿನಲ್ಲಿ ಇನ್ನೊಬ್ಬ ತಜ್ಞನಿದ್ದ, ಇಳಿಗಡ್ಡದ ಪ್ರೊಫೆಸರು. ಅವನೇನು ದಡ್ಡನಲ್ಲ. ಅಲ್ಲಮ್ಮನಿಗೆ ತಿಳಿದದ್ದೆಲ್ಲ ಅವನಿಗೂ ತಿಳಿದಿತ್ತು, ಒಂದು ತೂಕ ಹೆಚ್ಚೇ ತಿಳಿದಿತ್ತು. ಆದರೆ ಅವನು ತನ್ನ ವಿದ್ಯೆಯನ್ನು ಬಾಡಿಗೆ ಮನೆಯ ಹಾಗೆ ಇಟ್ಟುಕೊಂಡಿದ್ದ, ಯಾರು ಬೇಕಾದರೂ ಬಂದು ತಮಗೆ ಬೇಕಾದ ಬಣ್ಣ ಬಳಿಸಿಕೊಳ್ಳಬಹುದಿತ್ತು. ಅವನು ಬರೆದುಕೊಟ್ಟ ಒಕ್ಕಣೆ ಹಿತ್ತಾಳೆಯಲ್ಲಿ ಮೂಡಿತು: ‘ರಾಜಮನೆತನದ ತೊಟ್ಟಿಲ ಹೊದಿಕೆ. ನಡುವೆ ರಾಜಹಂಸ, ಸುತ್ತ ಅದರ ಪರಿವಾರ.’

ಹೋಟೆಲು ತೆರೆಯುವ ಸಮಾರಂಭಕ್ಕೆ ತಮ್ಮ ಅಕ್ಕನನ್ನೂ ಕರೆದ. ಕರೆಯದಿದ್ದರೆ ಜನ ಕೇಳುತ್ತಾರಲ್ಲ. ಅಲ್ಲಮ್ಮ ಹೋಗುವುದೆಂದೇ ನಿರ್ಧರಿಸಿದಳು. ಆದರೆ ಬರಿಗೈಯಲ್ಲಿ ಅಲ್ಲ. ಕನ್ನ ಹಾಕಿದವನ ಹೆಸರು ಊರು ತಿಳಿದುಕೊಂಡೇ ಹೋಗಬೇಕು. ಹಾಗಾಗಿ ಸೋದರತ್ತೆಯ ಮನೆಗೆ ನಡೆದಳು.

ಸೋದರತ್ತೆ ಅಪ್ಪನ ತಂಗಿ. ಗುಬ್ಬಿಯಷ್ಟು ಹೆಂಗಸು, ಎರಡು ಕೋಣೆಯ ಬಾಡಿಗೆ ಮನೆ, ಕಿಟಕಿಯ ಪಕ್ಕ ಒಂದು ಹೊಲಿಗೆ ಯಂತ್ರ, ಅದರ ಮೇಲೆ ಸದಾ ಯಾರದೋ ಹರಿದ ಪ್ಯಾಂಟು. ಅಲ್ಲಮ್ಮ ಕುರ್ಚಿ ಎಳೆದುಕೊಂಡು ಕೂತು ಹಳದಿ ಎಳೆಯ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದಳು.

"ಕದ್ದವನು ಯಾರು ಅತ್ತೆ? ಅಜ್ಜನಾ, ಅಜ್ಜನ ಅಪ್ಪನಾ?"

ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿ ಮುಗಿಯುವವರೆಗೂ ತಲೆ ಎತ್ತಲಿಲ್ಲ.

"ಅಷ್ಟೊಂದು ಓದಿದೀಯ. ಬಟ್ಟೆಯ ಹಿಂದೆ ಮುಂದೆ ಎಲ್ಲ ನೋಡ್ತೀಯ. ಅಳತೆ ನೋಡ್ಲಿಲ್ವೇನೇ?"

"ಯಾವ ಅಳತೆ?"

"ಹೊದಿಕೆಯದು. ಯಾರು ಹೊದ್ದುಕೊಳ್ಳೋಕಾಗುತ್ತೆ ಅದನ್ನ? ಕೈಕೂಸು. ನಿಮ್ಮಪ್ಪ ಹುಟ್ಟಿದ್ದು ಎಲ್ಲಿ ಅಂದ್ಕೊಂಡಿದ್ದೀಯ?"

ಅಲ್ಲಮ್ಮ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ಅತ್ತೆ ಪ್ಯಾಂಟಿನ ಮೊಣಕಾಲಿಗೆ ತೇಪೆ ಹಾಕುತ್ತಲೇ ಹೇಳಿದಳು. ಅಜ್ಜಿ ಒಂದು ದೊಡ್ಡ ಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಕೆಲಸಕ್ಕಿದ್ದಳು. ಕೆಂಡ ತುಂಬಿದ ಭಾರದ ಪೆಟ್ಟಿಗೆ. ಆಗ ಹೊಟ್ಟೆಯಲ್ಲಿ ಮೊದಲ ಮಗು.

"ಆ ಮನೆ ಯಜಮಾನ ಹಿಂದಿನಿಂದ ಬಂದು ಕೈ ಹಾಕಿದನಂತೆ. ಮೊದಲ ಸಲ ಬೇಡ ಅಂದಳು. ಎರಡನೇ ಸಲ ಬೇಡ ಅಂದಳು. ಮತ್ತೆ ಹಾಕಿದ. ಆ ಕೈ ಮೇಲೇ ಇಟ್ಟಳು."

"ಇಸ್ತ್ರಿ ಪೆಟ್ಟಿಗೆನಾ?"

"ಮತ್ತೇನು, ಹೂವಾ? ಇಟ್ಟು ಒತ್ತಿದಳಂತೆ, ಕಾಲರ್ ಒತ್ತೋ ಹಾಗೆ. ಆಮೇಲೆ ನ್ಯಾಯಾಲಯದಲ್ಲಿ ಅವನು ಕೈ ತೋರಿಸಿದ. ಇವಳು ತೋರಿಸೋದಕ್ಕೆ ಏನಿತ್ತು? ಒಳಗೆ ಹಾಕಿದರು. ನಿಮ್ಮಪ್ಪ ಅಲ್ಲೇ ಹುಟ್ಟಿದ. ಅಲ್ಲಿದ್ದ ಹೆಂಗಸರು ಒಬ್ಬೊಬ್ಬರು ಒಂದೊಂದು ಹಕ್ಕಿ ಹೊಲಿದರು ಕೂಸಿಗೆ. ದಾರ ಯಾರು ಕೊಡ್ತಾರೆ? ತಂತಮ್ಮ ಅಂಗಿಯ ಅಂಚು ಬಿಚ್ಚಿದರು, ಟವೆಲು ಬಿಚ್ಚಿದರು. ಕಾವಲಿನ ಹೆಂಗಸು ಉಗ್ರಾಣದಿಂದ ಒಳಬಟ್ಟೆ ಹರಿದು ತಂದುಕೊಟ್ಟಳು. ಕದ್ದವಳು ಅಂತ ಬೇಕಾದ್ರೆ ಅವಳನ್ನ ಬರ್ಕೋ. ನಿಮ್ಮಜ್ಜ ವಾರವಾರ ಗಾಡಿ ನಿಲ್ಲಿಸಿ ಜೈಲಿನ ಬಾಗಿಲಿಗೆ ಬಂದು ನಿಂತು ಹೋಗ್ತಿದ್ದ."

"ಅಪ್ಪನಿಗೆ ಗೊತ್ತಿರಲಿಲ್ವಾ?"

"ಅವ್ವ ನನಗೊಬ್ಬಳಿಗೇ ಹೇಳಿದ್ದು. ಗಂಡುಮಕ್ಕಳಿಗೆ ಹೇಳಿದ್ರೆ ನಾಚಿಕೊಳ್ಳೋದ್ರಲ್ಲೇ ಆಯಸ್ಸು ಕಳೆದುಬಿಡ್ತಾರೆ ಅಂದಳು. ನಿಮ್ಮಪ್ಪನ್ನ ನೋಡಿದ್ರೆ ಅವಳು ಹೇಳಿದ್ದು ಸರಿ ಅನ್ಸುತ್ತೆ."

ಅಲ್ಲಮ್ಮ ಬೆಳಗ್ಗೆಯಿಂದ ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದ ಅಣಕದ ಮಾತುಗಳೆಲ್ಲ ಹುಳಿಯಾದವು. ಎಳೆ ನೋಡಿದ್ದಳು, ಬಣ್ಣ ನೋಡಿದ್ದಳು, ಕಳ್ಳತನ ಎಂದು ಷರಾ ಬರೆದಿದ್ದಳು. ತೊಟ್ಟಿಲ ಹೊದಿಕೆ ಎಂಬ ಒಂದು ಮಾತನ್ನು ಆ ಇಳಿಗಡ್ಡದವನಾದರೂ ಸರಿಯಾಗಿ ಗುರುತಿಸಿದ್ದ. ಅದು ಆಕೆಗೆ ಇನ್ನೂ ಉರಿಯಿತು.

"ನಡುವೆ ಇರೋ ರಾಜಹಂಸ?" ಎಂದು ಕೊನೆಗೆ ಕೇಳಿದಳು.

"ಹಂಸನಾ? ಅದು ಕೋಳಿ ಕಣೇ. ಹೊಲಿದವಳು ಕೋಳಿ ಬಿಟ್ಟು ಬೇರೆ ಹಕ್ಕಿಯನ್ನ ಹತ್ತಿರದಿಂದ ನೋಡೇ ಇರಲಿಲ್ಲವಂತೆ."

ಸಮಾರಂಭದ ದಿನ ಹೋಟೆಲಿನ ಹಜಾರ ಥಳಥಳಿಸುತ್ತಿತ್ತು. ಗೋಡೆಯ ಮೇಲೆ ಹೊದಿಕೆ, ಅದರ ಮೇಲೆ ಕಣ್ಣು ಕೋರೈಸುವ ದೀಪಗಳು. ಆ ಬೆಳಕಿಗೆ ಕೆಂಪು ಬಣ್ಣ ಒಂದೆರಡು ವರ್ಷದಲ್ಲಿ ಗುಲಾಬಿಯಾಗುತ್ತದೆ ಎಂದು ಅಲ್ಲಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಪ್ರೊಫೆಸರು ಮೈಕಿನ ಮುಂದೆ ನಿಂತು ರಾಜಹಂಸದ ಕತ್ತಿನ ಬಾಗು, ರಾಜಸ ಗಾಂಭೀರ್ಯ ಎಂದೆಲ್ಲ ಕೈಯಾಡಿಸಿದ. ಅತಿಥಿಗಳು ಕೋಳಿಯನ್ನು ಭಕ್ತಿಯಿಂದ ನೋಡಿದರು. ಇಳಿದು ಬಂದವನು ಆಕೆಯ ಪಕ್ಕ ನಿಂತು ಮೆಲ್ಲಗೆ ಅಂದ:

"ಮೇಡಂ, ನಿಮಗೂ ಗೊತ್ತು, ನನಗೂ ಗೊತ್ತು. ಇವರಿಗೆ ಗೊತ್ತಾಗಿ ಏನಾಗಬೇಕು?"

ಆಕೆ ಅವನ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಮೈಕಿನ ಕಡೆ ನಡೆದಳು. ಅಣಕವಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇಸ್ತ್ರಿ ಪೆಟ್ಟಿಗೆ, ಕೈ, ಜೈಲು, ಕೂಸು, ಅಂಗಿಯ ಅಂಚು ಬಿಚ್ಚಿದ ಹೆಂಗಸರು. "ನಮ್ಮಜ್ಜಿ ಇಸ್ತ್ರಿ ಮಾಡ್ತಿದ್ದಳು. ನಡುವೆ ಇರೋದು ಕೋಳಿ" ಎಂದು ಮುಗಿಸಿದಳು.

ಹಜಾರದ ಹಿಂದಿನಿಂದ ಯಾರೋ ಚಪ್ಪಾಳೆ ಹೊಡೆದರು. ಆಮೇಲೆ ಎಲ್ಲರೂ ಹೊಡೆದರು. ಒಬ್ಬ ಹೆಂಗಸು ಕರವಸ್ತ್ರದಲ್ಲಿ ಕಣ್ಣೊತ್ತಿಕೊಂಡಳು. ಜನ ಸಾಲುಗಟ್ಟಿ ಹೊದಿಕೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ತಮ್ಮ ಮೊದಲು ಪಿಳಿಪಿಳಿ ನೋಡಿದ. ಆಮೇಲೆ ಅವನ ಮುಖದಲ್ಲಿ ಒಂದು ಬೆಳಕು ನಿಧಾನಕ್ಕೆ ಹತ್ತಿಕೊಂಡಿತು. ಆ ಬೆಳಕನ್ನು ಅಲ್ಲಮ್ಮ ವ್ಯಾಪಾರಿಗಳ ಮುಖದಲ್ಲಿ ಬೇಕಾದಷ್ಟು ನೋಡಿದ್ದಳು.

"ಅಕ್ಕ, ಇದನ್ನ ಮೊದಲೇ ಹೇಳಬಾರದಿತ್ತಾ? ಎಂಥ ಕಥೆ! ಆನೆ ಯಾರಿಗೆ ಬೇಕು ಈಗ?"

ಹಿತ್ತಾಳೆ ಫಲಕ ಬದಲಾಯಿತು. ಹೊಸದರಲ್ಲಿ ಅಜ್ಜಿ ‘ವೀರವನಿತೆ’. ಯಜಮಾನ ‘ಕ್ರೂರ ದೊರೆ’. ಹೋಟೆಲಿನ ಕಾಫಿ ಕೋಣೆಗೆ ‘ಬಂದೀಖಾನೆ’ ಎಂದು ಹೆಸರಿಟ್ಟು ಕಿಟಕಿಗಳಿಗೆ ಕಬ್ಬಿಣದ ಸರಳು ಹಾಕಿಸಿದರು. ಬಡಿಸುವವರಿಗೆ ಮಂಕು ನೀಲಿಯ ಅಂಗಿ. ಬಾಗಿಲಲ್ಲಿ ಹಳೆಯ ಇಸ್ತ್ರಿ ಪೆಟ್ಟಿಗೆಯೊಂದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅದನ್ನು ಎಲ್ಲಿ ಕೊಂಡರೆಂದು ಅಲ್ಲಮ್ಮನಿಗೆ ಗೊತ್ತಿತ್ತು, ಹರಾಜು ಮನೆಯ ಎದುರಿನ ಗುಜರಿಯಲ್ಲಿ. ಪ್ರೊಫೆಸರು ಪತ್ರಿಕೆಯೊಂದರಲ್ಲಿ ಉದ್ದನೆಯ ಲೇಖನ ಬರೆದು, ಅಜ್ಜಿ ಇಸ್ತ್ರಿಯವರನ್ನೆಲ್ಲ ಕೂಡಿಸಿಕೊಂಡು ದೊಡ್ಡ ಮನೆಗಳ ವಿರುದ್ಧ ಬಂಡಾಯವೆದ್ದಳೆಂದೂ, ನಡುವಿನ ಕೋಳಿ ಹೊಸ ಬೆಳಗನ್ನು ಕೂಗಿ ಕರೆಯುವ ಸಂಕೇತವೆಂದೂ ಸಾರಿದ.

ಅಲ್ಲಮ್ಮ ಅವನಿಗೆ ಫೋನು ಮಾಡಿದಳು. "ಕೂಗೋದು ಹುಂಜ ಕಣ್ರೀ. ಇದು ಹೇಂಟೆ. ಬಂಡಾಯ ಎಲ್ಲಿತ್ತು? ಒಬ್ಬ ಹೆಂಗಸು, ಒಂದು ಪೆಟ್ಟಿಗೆ, ಒಬ್ಬ ಲಫಂಗನ ಕೈ. ಅಷ್ಟೇ."

"ಸತ್ಯ ಸ್ವಲ್ಪ ಸುಕ್ಕಾಗಿತ್ತು ಮೇಡಂ" ಎಂದ ಅವನು. "ನಾನು ಇಸ್ತ್ರಿ ಮಾಡಿದ್ದೀನಿ, ಅಷ್ಟೇ."

ಆಕೆ ಫೋನು ಕುಕ್ಕಿದಳು. ಸುಳ್ಳನ್ನು ಹಿಡಿಯುವುದು ಆಕೆಗೆ ಗೊತ್ತಿತ್ತು. ನಿಜವನ್ನೇ ತೆಗೆದುಕೊಂಡು ಅದಕ್ಕೆ ಟೀ ಬಳಿದು ಗೋಡೆಗೆ ಹಾಕುವವರನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ತಮ್ಮನಿಗೆ ಕನಿಷ್ಠ ಆ ದೀಪವನ್ನಾದರೂ ತೆಗೆಸು ಎಂದು ಹೇಳಿ ನೋಡಿದಳು. ದೀಪವಿಲ್ಲದಿದ್ದರೆ ಫೋಟೋ ಸರಿಯಾಗಿ ಬರುವುದಿಲ್ಲ ಎಂದ ಅವನು.

ಕೊನೆಗೆ ಆಕೆ ಸೋದರತ್ತೆಯ ಮುಂದೆ ಕೂತು ಎಲ್ಲವನ್ನೂ ದೂರಿದಳು. ಬಂದೀಖಾನೆ, ನೀಲಿ ಅಂಗಿ, ಗುಜರಿಯ ಪೆಟ್ಟಿಗೆ. ಅತ್ತೆ ನಗಲಿಲ್ಲ. ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ, ಚಪ್ಪಲಿ ಮೆಟ್ಟಿಕೊಂಡು, "ನಡಿ" ಎಂದಳು.

ಮಧ್ಯಾಹ್ನದ ಹೊತ್ತು. ಹಜಾರದಲ್ಲಿ ಅತಿಥಿಗಳು ಅಲ್ಲಲ್ಲಿ ಕೂತಿದ್ದರು. ತಮ್ಮ ಓಡಿ ಬಂದ. ವೀರವನಿತೆಯ ಮಗಳೇ ಬಂದಿದ್ದಾಳೆಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿ ಮೆತ್ತನೆಯ ಕುರ್ಚಿ ಹಾಕಿಸಿದ. ಅತ್ತೆ ಕುರ್ಚಿಯಲ್ಲಿ ಕೂತರೆ ಕಾಲು ನೆಲ ಮುಟ್ಟುತ್ತಿರಲಿಲ್ಲ. ಗೋಡೆಯನ್ನು ಒಮ್ಮೆ, ಫಲಕವನ್ನು ಒಮ್ಮೆ, ಸರಳುಗಳನ್ನು ಒಮ್ಮೆ ನೋಡಿದಳು.

"ಈ ತಣ್ಣನೆ ಗಾಳಿ ಎಲ್ಲಿಂದ ಬರ್ತಿದೆಯೋ?"

"ಏಸಿ ಅತ್ತೆ."

"ಕಾಲು ಮರಗಟ್ಟುತ್ತಿದೆ. ಅದನ್ನ ತೆಗೆದುಕೊಡು, ಹೊದ್ದುಕೋತೀನಿ."

"ಯಾವುದನ್ನ?"

"ನಮ್ಮವ್ವನ ಹೊದಿಕೆನ."

ತಮ್ಮ ನಕ್ಕ. ಅತ್ತೆ ನಗದೇ ಇದ್ದುದನ್ನು ನೋಡಿ ನಗು ನಿಲ್ಲಿಸಿದ. "ಅತ್ತೆ, ಅದು ಪುರಾತನ ವಸ್ತು!"

"ನಾನೂ ಪುರಾತನಳೇ. ತೆಗೀ."

"ಬೇರೆ ರಗ್ಗು ತರಿಸ್ತೀನಿ, ಒಳ್ಳೆ ಮೆತ್ತಗಿನದು..."

"ಎಲ್ಲರೆದುರಿಗೂ ಕೇಳ್ತಿದ್ದೀನಿ." ಅತ್ತೆ ದನಿಯನ್ನು ಏರಿಸಲಿಲ್ಲ, ಆದರೆ ಹಜಾರದ ಆ ತುದಿಯಲ್ಲಿ ಪತ್ರಿಕೆ ಓದುತ್ತಿದ್ದವನೂ ತಲೆಯೆತ್ತಿದ. "ಅವ್ವ ಸಾಯೋವಾಗ ಅದನ್ನ ನನಗೆ ಕೊಟ್ಟಳು. ನಿಮ್ಮಪ್ಪ ಗೋಡೆಗೆ ಹಾಕ್ತೀನಿ ಅಂತ ಇಸ್ಕೊಂಡ. ಅಣ್ಣ ತಾನೇ, ಅದರಲ್ಲಿ ಮಲಗಿದವನು ತಾನೇ ಅಂತ ಕೊಟ್ಟೆ. ನೀನು ಯಾರೋ? ನೀನು ಅದರಲ್ಲಿ ಮಲಗಿದ್ಯಾ? ಫಲಕದಲ್ಲಿ ಇಷ್ಟುದ್ದ ಬರೆಸಿದೀಯಲ್ಲ, ಆ ಹೆಂಗಸಿನ ಮಗಳಿಗೆ ಚಳಿ ಆಗ್ತಿದೆ. ಕೊಡಲ್ಲ ಅನ್ನು, ಹೋಗ್ತೀನಿ."

ಅತಿಥಿಗಳೆಲ್ಲ ತಮ್ಮನನ್ನು ನೋಡುತ್ತಿದ್ದರು. ಅಂದು ಚಪ್ಪಾಳೆ ಹೊಡೆದವರಲ್ಲಿ ಒಂದಿಬ್ಬರು ಆ ಗುಂಪಿನಲ್ಲಿಯೂ ಇದ್ದರು. ತಮ್ಮ ತುಟಿ ಕಚ್ಚಿ ಏಣಿ ತರಿಸಿದ. ಅಲ್ಲಮ್ಮ ತಾನೇ ಏಣಿಯ ಬುಡದಲ್ಲಿ ನಿಂತು ಚೌಕಟ್ಟು ಇಳಿಸಿಕೊಂಡಳು, ಹಲಗೆ ಬಿಚ್ಚಿದಳು. ಅಭ್ಯಾಸಬಲ, ಎರಡೂ ಅಂಗೈ ಕೆಳಗಿಟ್ಟು ಹಸುಳೆಯ ಹಾಗೆ ಎತ್ತಿದಳು. ಅತ್ತೆ ಅದನ್ನು ಕಸಿದುಕೊಂಡು ಒಮ್ಮೆ ಝಾಡಿಸಿ ಮೊಣಕಾಲ ಮೇಲೆ ಹೊದ್ದುಕೊಂಡಳು. ಸ್ವಲ್ಪ ಹೊತ್ತು ಕೂತು, ತರಿಸಿದ ಕಾಫಿ ಕುಡಿದು, "ಡಿಕಾಕ್ಷನ್ ನೀರು ನೀರು" ಎಂದು ಷರಾ ಹೇಳಿ, ಹೊದಿಕೆಯನ್ನು ಕಂಕುಳಲ್ಲಿ ಸುರುಳಿ ಸುತ್ತಿಕೊಂಡು ಅತ್ತೆ ಹೊರಟಳು. ಬಾಗಿಲು ಕಾಯುವವನು ಆಕೆಗೆ ಸಲಾಮು ಹೊಡೆದ.

ತಮ್ಮ ಆ ಜಾಗದಲ್ಲಿ ಹೊದಿಕೆಯ ದೊಡ್ಡ ಫೋಟೋ ಹಾಕಿಸಿದ. ಜನ ಅದರ ಮುಂದೆಯೂ ಅಷ್ಟೇ ಸಾಲುಗಟ್ಟಿ ನಿಂತರು. ಫೋಟೋ ಹೊದಿಕೆಗಿಂತ ಚೆನ್ನಾಗಿ ಕಾಣುತ್ತದೆ, ಬಣ್ಣ ಎದ್ದು ಕಾಣುತ್ತದೆ ಎಂದು ತಮ್ಮನ ಹೆಂಡತಿ ಎಲ್ಲರಿಗೂ ಹೇಳುತ್ತಿದ್ದಳಂತೆ. ಇದ್ದರೂ ಇರಬಹುದು ಎಂದುಕೊಂಡಳು ಅಲ್ಲಮ್ಮ. ಅವರಿಗೆ ಬೇಕಾದದ್ದು ಅದೇ ಆಗಿತ್ತು, ಬೆನ್ನೇ ಇಲ್ಲದ ವಸ್ತು.

ಆ ಚಳಿಗಾಲವೆಲ್ಲ ಅತ್ತೆ ಹೊದಿಕೆಯನ್ನು ಮೊಣಕಾಲ ಮೇಲೆ ಹಾಕಿಕೊಂಡೇ ಹೊಲಿಗೆ ಯಂತ್ರ ತುಳಿದಳು. ಅಲ್ಲಮ್ಮ ಭಾನುವಾರಗಳಂದು ಹೋಗುತ್ತಿದ್ದಳು. ಹೋದಾಗಲೆಲ್ಲ ಹಲ್ಲು ಕಚ್ಚಿ ಕೂರುತ್ತಿದ್ದಳು. ಅದರ ಮೇಲೆ ಯಂತ್ರದ ಎಣ್ಣೆ ಚೆಲ್ಲಬಹುದು, ಸುಣ್ಣದ ಗೋಡೆ ಉಜ್ಜಬಹುದು, ಬಿಸಿಲು ತಾಗಬಹುದು. ಸಂಗ್ರಹಾಲಯದಲ್ಲಿ ಇಂಥದನ್ನು ಮುಟ್ಟಲು ಕೈಗವಸು ಹಾಕುತ್ತಿದ್ದಳು. ಇಲ್ಲಿ ಅದರ ಮೇಲೆ ಅತ್ತೆಯ ಪಕ್ಕದ ಮನೆಯ ಬೆಕ್ಕು ಮಲಗುತ್ತಿತ್ತು.

ಒಂದು ಭಾನುವಾರ ನಡುವಿನ ಕೋಳಿಯ ರೆಕ್ಕೆಯ ದಾರ ಬಿಟ್ಟುಕೊಂಡು ಜೋಲುತ್ತಿದ್ದುದು ಕಂಡಿತು. ಅಲ್ಲಮ್ಮ ಕೈಚೀಲದಿಂದ ದುರಸ್ತಿಯ ಸಾಮಾನು ತೆಗೆದಳು. ಹೊರದೇಶದಿಂದ ತರಿಸಿದ, ಮುಂದೆ ಬೇಕೆಂದಾಗ ಗುರುತಿಲ್ಲದೆ ಬಿಚ್ಚಬಹುದಾದ ಕೂದಲಿನಂಥ ದಾರ.

"ಅದ್ಯಾಕೆ? ಇಲ್ಲಿದೆಯಲ್ಲ" ಎಂದು ಅತ್ತೆ ಅಂಗಡಿಯಲ್ಲಿ ಕೊಂಡ ನೀಲಿ ದಾರದ ಉರುಳೆಯನ್ನು ಆಕೆಯ ಮಡಿಲಿಗೆ ಎಸೆದಳು.

"ಅತ್ತೆ, ಹೊಸ ದಾರ ಹಾಕಿದ್ರೆ ಮುಂದೆ ನೋಡೋವರಿಗೆ ಗೊತ್ತಾಗಿಬಿಡುತ್ತೆ, ಈ ಕಾಲದಲ್ಲಿ ಯಾರೋ ಕೈ ಹಾಕಿದಾರೆ ಅಂತ."

"ಗೊತ್ತಾಗಲಿ. ಹಾಕಿದ್ದು ನಿಜ ತಾನೇ?"

ಅಲ್ಲಮ್ಮ ನೀಲಿ ದಾರ ಪೋಣಿಸಿದಳು. ಜೀವಮಾನವೆಲ್ಲ ಇನ್ನೊಬ್ಬರ ಹೊಲಿಗೆ ನೋಡಿದ್ದ ಆಕೆ ಒಂದೆರಡು ಗಂಟಿಗೇ ಬೆರಳು ಚುಚ್ಚಿಕೊಂಡಳು. ಬೆಕ್ಕನ್ನು ಸರಿಸಿ, ಮೂಗಿನ ತುದಿಯವರೆಗೆ ಬಟ್ಟೆಯನ್ನು ಎಳೆದುಕೊಂಡು, ರೆಕ್ಕೆಯನ್ನು ಒಂದೊಂದೇ ಗರಿಯಾಗಿ ಹೊಲಿದು ಮುಗಿಸುವಷ್ಟರಲ್ಲಿ ಕಾಫಿ ಆರಿಹೋಗಿತ್ತು. ಅತ್ತೆ ಹೊದಿಕೆಯನ್ನು ಸೆಳೆದುಕೊಂಡು, ಮಗುಚಿ, ಕಿಟಕಿಯ ಬೆಳಕಿಗೆ ಹಿಡಿದಳು.

"ಥೂ, ಏನೇ ಇದು ಗಂಟು? ಜೈಲಿನಲ್ಲಿ ಕೋಳಿ ಹೊಲಿದವಳೇ ವಾಸಿ. ಬಿಚ್ಚು, ಇನ್ನೊಂದು ಸಲ ಹಾಕು."

ಅಲ್ಲಮ್ಮ ಬಿಚ್ಚಿದಳು.